ಕಾಶಿಬಾಯಿಯ ಮರಾಠಿ

ಈ ಸಂಗತಿಯನ್ನು ಮೊದಲು ಹೇಳಿದವರು ಸುಶೀಲಾಬಾಯಿ. ಹೇಳಿದ್ದು ೧೯೯೮ರ ಶ್ರಾವಣದ ಮೂರನೆಯ ಸೋಮವಾರ, ಸಂಜೆ ಐದರ ಸುಮಾರಿಗೆ, ನಾಶಿಕದ ಪಂಚವಟಿಯಲ್ಲಿ ಅವರ ಮನೆಯ ಮುಂದಿನ ಕೋಣೆಯಲ್ಲಿ. ಬೀದರ, ಭಾಲ್ಕಿ, ಆಳಂದದ ಕಡೆಯಿಂದ ಬಂದು ಆ ಊರಲ್ಲಿ ನೆಲೆಸಿದ ಮನೆತನಗಳ ಹೆಂಗಸರು ಶ್ರಾವಣದ ಸೋಮವಾರಗಳಂದು ಅಲ್ಲಿ ಭಜನೆಗೆ ಕೂಡುತ್ತಿದ್ದರು. ಅಂದು ಒಂಬತ್ತು ಮಂದಿ ಹೆಂಗಸರಿದ್ದರು. ಬಾಗಿಲ ಬಳಿ ಸುಶೀಲಾಬಾಯಿಯ ಮೈದುನ ಮನ್ಮಥಪ್ಪನವರು ಕುರ್ಚಿ ಹಾಕಿಕೊಂಡು ಕೂತಿದ್ದರು. ನಾನು ಹೋದದ್ದು ಬೀಸುವ ಪದಗಳನ್ನು ಬರೆದುಕೊಳ್ಳಲು.

ಭಜನೆ ಮುಗಿದು ಪ್ರಸಾದದ ಮಂಡಾಳು, ಅಂದರೆ ಚುರುಮುರಿ, ಹಂಚುವಾಗ ಮಲ್ಲಮ್ಮ ಎಂಬವರು ಹಿಂದಿನ ದಿನ ಟಿ.ವಿ.ಯಲ್ಲಿ ಪ್ರಭಾಕರನ ಸಿನಿಮಾ ಕಂಡುದನ್ನು ಹೇಳಿದರು. ಹಿಟ್ಟಿನ ಡಬ್ಬಿಯಲ್ಲಿ ಅವನ ತಲೆ ಸಿಕ್ಕಿಬಿದ್ದುದನ್ನು ನೋಡಿ ಮೊಮ್ಮಕ್ಕಳು ಹೊಟ್ಟೆ ಹಿಡಿದುಕೊಂಡು ನಕ್ಕವಂತೆ. ಪ್ರಭಾಕರ ಸುಶೀಲಾಬಾಯಿಯ ಅಣ್ಣನ ಮಗ. ಮರಾಠಿ ಸಿನಿಮಾಗಳಲ್ಲಿ ನಗಿಸುವ ಪಾತ್ರ ಮಾಡುವವನು. ಉಳಿದವರೆಲ್ಲ ನಕ್ಕರು. ಸುಶೀಲಾಬಾಯಿ ಕೈಯಲ್ಲಿದ್ದ ತಟ್ಟೆಯನ್ನು ಕೆಳಗಿಟ್ಟರು.

"ಮೊದಲ ನಕ್ಕಾಕಿ ನಾನೇ" ಎಂದರು. "ನಾ ಅವತ್ತು ನಗಲಿಲ್ಲಂದ್ರ ನಮ್ಮ ವೈನಿ ಮಾತಾಡ್ಕೋತ ಇರ್ತಿದ್ಲೇನೋ."

ಅವರು ಹೇಳಿದ ಕ್ರಮವನ್ನೇ ಇಲ್ಲಿ ಇಟ್ಟಿದ್ದೇನೆ. ಮನ್ಮಥಪ್ಪನವರು ಬೇರೆ ಬಗೆಯಾಗಿ ಹೇಳಿದ ಕಡೆಗಳಲ್ಲಿ ಅವರ ಹೆಸರು ಹಾಕಿದ್ದೇನೆ.

ವೈನಿ ಎಂದರೆ ಅತ್ತಿಗೆ ಕಾಶಿಬಾಯಿ, ಪ್ರಭಾಕರನ ತಾಯಿ. ಭಾಲ್ಕಿ ತಾಲೂಕಿನ ಒಂದು ಹಳ್ಳಿಯಿಂದ ಲಗ್ನವಾಗಿ ಔರಂಗಾಬಾದಿಗೆ ಬಂದಾಗ ಆಕೆಗೆ ಹದಿನೇಳು. ಈಗ ಛತ್ರಪತಿ ಸಂಭಾಜಿನಗರ ಎಂದು ಕರೆಯುವ ಆ ಊರನ್ನು ಸುಶೀಲಾಬಾಯಿ ಹಳೆಯ ಹೆಸರಿನಿಂದಲೇ ಕರೆದುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಗುಲಮಂಡಿಯ ಹಿಂದಿನ ಓಣಿಯಲ್ಲಿ ಗಂಡ ವಿಶ್ವನಾಥಪ್ಪನವರದು ಕಿರಾಣಿ ಅಂಗಡಿ. ಅವರು ತೀರಿಕೊಂಡ ಮೇಲೆ ಕಾಶಿಬಾಯಿಯೇ ತಕ್ಕಡಿಯ ಮುಂದೆ ಕೂತರು. ಮರಾಠಿಯನ್ನು ಅವರು ಯಾವ ಶಾಲೆಯಲ್ಲಿಯೂ ಕಲಿತವರಲ್ಲ. ಗಿರಾಕಿಗಳ ಬಾಯಿಂದ ಬಿದ್ದುದನ್ನು ಎತ್ತಿಕೊಂಡಿದ್ದರು. ಎತ್ತಿಕೊಳ್ಳುವಾಗ ಒಂದು ಅಂಗ ಮಾತ್ರ ಕೈಗೆ ಬಂದಿರಲಿಲ್ಲ.

ಕನ್ನಡದಲ್ಲಿ ಚಹಾ ಬರುತ್ತದೆ, ಮಳೆ ಬರುತ್ತದೆ, ಬಸ್ಸೂ ಬರುತ್ತದೆ. ಮರಾಠಿಯಲ್ಲಿ ಚಹಾ ಗಂಡು, ಮಳೆ ಗಂಡು, ಬಸ್ಸು ಹೆಣ್ಣು, ಹಾಲು ಎರಡೂ ಅಲ್ಲ. ಬಂದ ಎನ್ನಲು ‘ಆಲಾ’, ಬಂದಳು ಎನ್ನಲು ‘ಆಲೀ’, ಬಂತು ಎನ್ನಲು ‘ಆಲಂ’. ಕಾಶಿಬಾಯಿ ಎಲ್ಲಕ್ಕೂ ‘ಆಲಂ’ ಎನ್ನುತ್ತಿದ್ದರು. ಮಗನಿಗೂ ಹಾಗೆಯೇ. ಬೀದರ ಕಡೆಯ ತಾಯಂದಿರು ಕೂಸನ್ನು ‘ಬಂತು, ಉಂಡಿತು, ಮಲಗಿತು’ ಎನ್ನುವುದುಂಟು. ಮಗ ಬೆಳೆದು ಮೀಸೆ ಬಂದ ಮೇಲೂ ಅವರ ಬಾಯಿ ಅದನ್ನು ಬಿಡಲಿಲ್ಲ. ಪ್ರಭಾಕರ ಓಣಿಯ ತುದಿಯಲ್ಲಿ ಕಾಣಿಸಿದರೆ ಗಿರಾಕಿಗಳಿಗೆ ‘ಮಾಝಂ ಮುಲಗಾ ಆಲಂ’ ಎನ್ನುತ್ತಿದ್ದರು. ‘ನನ್ನ ಮಗ ಬಂತು’ ಎಂದ ಹಾಗೆ. ಗಿರಾಕಿಗಳು ಮುಗುಳ್ನಗುತ್ತಿದ್ದರು, ಅಷ್ಟೆ. ಆಕೆಯ ಮಾತು ಕೇಳುವುದಕ್ಕೆಂದೇ ಎರಡು ಓಣಿ ದಾಟಿ ಬರುವವರಿದ್ದರು. ಒಮ್ಮೆ ಒಬ್ಬ ಹೆಂಗಸು, ನೀವು ಕೊಟ್ಟ ಬೇಳೆ ಬೇಯುವುದಿಲ್ಲ ಎಂದು ದೂರಿದಾಗ, ಬೇಳೆ ಚೆನ್ನಾಗಿಯೇ ಇದೆ, ನಿಮ್ಮ ಒಲೆಯೇ ಮುನಿಸಿಕೊಂಡಿದೆ, ಅದರ ಅತ್ತೆ ಊರಿಂದ ಬಂದಿರಬೇಕು ನೋಡಿ ಎಂದಿದ್ದರಂತೆ. ಆ ಹೆಂಗಸು ಇನ್ನೊಂದು ಕಿಲೋ ಬೇಳೆ ಒಯ್ದಳು.

ಪ್ರಭಾಕರ ನಾಶಿಕದ ಸಾತಪುರದಲ್ಲಿ ಒಂದು ಕಾರ್ಖಾನೆಯ ಆಫೀಸಿನಲ್ಲಿ ಗುಮಾಸ್ತನಾಗಿದ್ದ. ಇರುವುದು ಸೋದರತ್ತೆ ಸುಶೀಲಾಬಾಯಿಯ ಮನೆಯಲ್ಲಿ. ಸಂಜೆ ಹವ್ಯಾಸಿ ನಾಟಕದವರ ಜೊತೆ ತಿರುಗುತ್ತಿದ್ದ. ಒಂದು ದಿನ ಊಟಕ್ಕೆ ಕೂತಾಗ, ಅತ್ತೆಯ ಹಳೆಯ ಸೀರೆಯ ಸೆರಗನ್ನು ತಲೆಯ ಮೇಲೆಳೆದುಕೊಂಡು, ತಾಯಿ ಗಿರಾಕಿಯೊಡನೆ ಆಡುವ ಮಾತನ್ನು ಆಡಿ ತೋರಿಸಿದ. ಸುಶೀಲಾಬಾಯಿಗೆ ನಕ್ಕು ನಕ್ಕು ಅನ್ನ ಗಂಟಲಿಗೆ ಹತ್ತಿತು. ಇನ್ನೊಮ್ಮೆ ಮಾಡು ಎಂದು ತಾವೇ ಕೇಳಿದರು. ಅವರು ‘ಮೊದಲ ನಕ್ಕಾಕಿ’ ಎಂದದ್ದು ಇದನ್ನು.

೧೯೮೬ರಲ್ಲಿ ಟಿ.ವಿ.ಯ ಒಂದು ಮರಾಠಿ ಹಾಸ್ಯ ಕಾರ್ಯಕ್ರಮದಲ್ಲಿ ಅವನಿಗೆ ಹತ್ತು ನಿಮಿಷದ ತುಣುಕು ಸಿಕ್ಕಿತು. ಪಾತ್ರದ ಹೆಸರು ಲಕ್ಷ್ಮವ್ವ ಮಾವಶಿ, ಅಂದರೆ ಲಕ್ಷ್ಮವ್ವ ಚಿಕ್ಕಮ್ಮ: ಕರ್ನಾಟಕದಿಂದ ಬಂದು ಕಿರಾಣಿ ಅಂಗಡಿ ಇಟ್ಟ ಹೆಂಗಸು, ಲೋಕದ ಎಲ್ಲ ವಸ್ತುವಿಗೂ ‘ಆಲಂ, ಗೇಲಂ’, ಬಂತು ಹೋಯಿತು, ಎನ್ನುವವಳು. ಔರಂಗಾಬಾದಿನಿಂದ ತಾಯಿಯ ಹಳೆಯ ಇಲಕಲ್ ಸೀರೆಯನ್ನು ಕೇಳಿ ತಂದಿದ್ದ. ನಾಟಕಕ್ಕೆ ಬೇಕು ಎಂದಿದ್ದ, ಆಕೆ ಇಸ್ತ್ರಿ ಮಾಡಿಸಿ ಕೊಟ್ಟಿದ್ದರು. ಮೊದಲ ತುಣುಕು ಜನಕ್ಕೆ ಹಿಡಿಸಿ ಹದಿನೈದು ದಿನಕ್ಕೊಮ್ಮೆ ಬರತೊಡಗಿತು. ಬಸ್ಸಿನಲ್ಲಿ, ಸಿನ್ನರಿನ ಕಾರ್ಖಾನೆಗಳ ಗೇಟಿನಲ್ಲಿ, ಮದುವೆ ಮನೆಗಳಲ್ಲಿ ಹುಡುಗರು ಲಕ್ಷ್ಮವ್ವನ ಹಾಗೆ ಮಾತಾಡಿದರು.

ಟಿ.ವಿ.ಯವರು ಪ್ರತಿ ಸಲ ಹೊಸ ನಗೆ ಕೇಳುತ್ತಾರೆ. ಪ್ರಭಾಕರ ತಿಂಗಳಿಗೆ ಎರಡು ಸಲ ಯೇವಲಾ ಮಾರ್ಗದ ಬಸ್ಸು ಹಿಡಿದು ಔರಂಗಾಬಾದಿಗೆ ಹೋಗತೊಡಗಿದ. ಇಡೀ ಶನಿವಾರ ಅಂಗಡಿಯಲ್ಲಿ ತಾಯಿಯ ಮಗ್ಗುಲಲ್ಲಿ ಕೂತಿರುತ್ತಿದ್ದ. ಸಟಾಣಾದ ಈರುಳ್ಳಿ ಈ ಸಲ ಹೇಗಿದೆ ಅಂತ ಆ ಯಜಮಾನರನ್ನು ಕೇಳವ್ವ ಎನ್ನುತ್ತಿದ್ದ. ತಾಯಿ ಕೇಳಿದರೆ ಕಿವಿಗೊಟ್ಟು, ಒಳಗೆ ಹೋಗಿ ಬರೆದುಕೊಂಡು ಬರುತ್ತಿದ್ದ. ಸುಶೀಲಾಬಾಯಿಗೆ ಇದು ಗೊತ್ತಿತ್ತು. ಭಾನುವಾರ ಸಂಜೆ ಅವನು ಮರಳಿ ಬಂದು ಬರೆದದ್ದನ್ನು ಓದುವುದು ಅವರ ಎದುರಿಗೇ. ಕಾಶಿಬಾಯಿ ಮಾತ್ರ, ತಂದೆ ಹೋದ ಮೇಲೆ ಮಗನಿಗೆ ಅಂಗಡಿಯ ಮೇಲೆ ಜೀವ ಬಂದಿದೆ, ತನ್ನ ಮೇಲೆಯೂ ಬಂದಿದೆ ಎಂದು ಓಣಿಯಲ್ಲಿ ಹೇಳಿಕೊಂಡಿದ್ದರು. ಅವರ ಮನೆಯಲ್ಲಿ ಟಿ.ವಿ. ಇರಲಿಲ್ಲ. ಮಗ ಟಿ.ವಿ.ಯಲ್ಲಿ ಬರುತ್ತಾನೆಂದು ತಿಳಿದಿತ್ತು. ಏನಾಗಿ ಬರುತ್ತಾನೆಂದು ಯಾರೂ ಹೇಳಿರಲಿಲ್ಲ.

ಎದುರು ಮನೆಯ ಮಂದಾಕಿನಿ ಪ್ರಾಥಮಿಕ ಶಾಲೆಯ ಮರಾಠಿ ಶಿಕ್ಷಕಿ. ೧೯೮೭ರ ದಸರೆಗೆ ಅವರು ಟಿ.ವಿ. ಕೊಂಡರು, ಪ್ರೀತಿಯಿಂದ ಮೊದಲು ಕಾಶಿಬಾಯಿಯನ್ನೇ ಕರೆದು ಮುಂದಿನ ಸಾಲಿನಲ್ಲಿ ಕೂರಿಸಿದರು. ಇಪ್ಪತ್ತು ಮಂದಿ ನೆರೆದಿದ್ದರು. ಪರದೆಯ ಮೇಲೆ ಇಲಕಲ್ ಸೀರೆ ಕಂಡಿತು. ಲಕ್ಷ್ಮವ್ವ ಬಾಯಿ ತೆರೆದಳು. ಇಪ್ಪತ್ತು ಮಂದಿಯೂ ನಕ್ಕು, ನಕ್ಕವರೆಲ್ಲ ಕಾಶಿಬಾಯಿಯ ಕಡೆ ತಿರುಗಿದರು. ಆಕೆಯೂ ನಕ್ಕರಂತೆ. ಮಳೆ, ಚಹಾ, ಬಸ್ಸು ಎಲ್ಲಕ್ಕೂ ನಕ್ಕರು. ಆಮೇಲೆ ಲಕ್ಷ್ಮವ್ವ ಬೀದಿಯ ಕಡೆ ನೋಡಿ, ಸೆರಗು ಸರಿಮಾಡಿಕೊಂಡು, ‘ಮಾಝಂ ನವರಾ ಆಲಂ’ ಎಂದಳು. ನನ್ನ ಗಂಡ ಬಂತು.

ಎಲ್ಲಕ್ಕಿಂತ ದೊಡ್ಡ ನಗೆ ಅದಕ್ಕೇ. ಕಾಶಿಬಾಯಿ ಎದ್ದು ಮನೆಗೆ ಹೋದರು.

ಸುಶೀಲಾಬಾಯಿ ಇಲ್ಲಿ ನಿಲ್ಲಿಸಿ, ಕೇಳುತ್ತಿದ್ದವರಿಗೆ ಒಂದು ವಿವರ ಕೊಟ್ಟರು. ಕಾಶಿಬಾಯಿ ಮಗನನ್ನು ‘ಬಂತು’ ಅಂದದ್ದು ನಿಜ. ಗಂಡನನ್ನು ಎಂದೂ ಅಂದಿಲ್ಲ. ವಿಶ್ವನಾಥಪ್ಪನವರ ವಿಷಯ ಬಂದಾಗ ಮರಾಠಿಯಲ್ಲಿಯೂ ಬಹುವಚನವೇ, ಒಮ್ಮೆಯೂ ತಪ್ಪಿದ್ದಿಲ್ಲ. ಅದೊಂದು ಮಾತು ಪ್ರಭಾಕರ ಸ್ವಂತ ಸೇರಿಸಿದ್ದು. ಮರುದಿನದಿಂದ ಅಂಗಡಿಗೆ ಬಂದ ಹುಡುಗರು ಆಡಿದ್ದು ಆ ಮಾತನ್ನೇ.

ಮುಂದಿನ ಶನಿವಾರ ಮಗ ಬಂದಾಗ ತಾಯಿ ಊಟಕ್ಕೆ ಬಡಿಸಿ, ಅವನು ಕೈ ತೊಳೆದ ಮೇಲೆ ಕೇಳಿದರು.

"ಪ್ರಭ್ಯಾ, ನಿಮ್ಮಪ್ಪಗ ನಾ ಯಾವಾಗ ಹಂಗ ಅಂದಿದ್ದೆ?"

"ಅದು ನೀ ಅಲ್ಲವ್ವ. ಅದು ಲಕ್ಷ್ಮವ್ವ."

"ಸೀರಿ ನಂದೇ ಅದ."

ಮರುವಾರದಿಂದ ಕಾಶಿಬಾಯಿ, ಅಂಗಡಿ ಮುಚ್ಚಿರುವ ಮಧ್ಯಾಹ್ನದ ಹೊತ್ತಿನಲ್ಲಿ, ಮಂದಾಕಿನಿಯ ಮನೆಗೆ ಒಂದನೆಯ ಇಯತ್ತೆಯ ಪುಸ್ತಕ ಹಿಡಿದು ಹೋಗತೊಡಗಿದರು. ಆಗ ಅವರಿಗೆ ಐವತ್ತೆರಡು ದಾಟಿತ್ತು. ತೋ, ತೀ, ತೇ: ಅವನು, ಅವಳು, ಅದು. ಅಂಗಡಿಯ ಕಪಾಟುಗಳನ್ನೇ ಪಾಠ ಮಾಡಿಕೊಂಡರು. ಬೆಲ್ಲ ಗಂಡು, ಸಕ್ಕರೆ ಹೆಣ್ಣು, ಉಪ್ಪು ಎರಡೂ ಅಲ್ಲ. ಅಕ್ಕಿ ಗಂಡು, ಬೇಳೆ ಹೆಣ್ಣು, ಎಣ್ಣೆ ಎರಡೂ ಅಲ್ಲ. ಪ್ರತಿ ಡಬ್ಬಿಯ ಮೇಲೆ ಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಗುರುತು ಹಾಕಿದರು. ಕಲಿಯಲು ಒಂದು ವರ್ಷ ಹಿಡಿಯಿತು. ಮನ್ಮಥಪ್ಪನವರ ಪ್ರಕಾರ ಒಂಬತ್ತು ತಿಂಗಳು.

ಕಲಿತರು. ಕಲಿತ ಮೇಲೆ ಮಾತು ನಿಧಾನವಾಯಿತು. ಪ್ರತಿ ವಾಕ್ಯದ ನಡುವೆ ಒಂದು ತಡೆ: ವಸ್ತುವಿನ ಹೆಸರು ಹೇಳಿ, ನಿಂತು, ಅದು ಯಾವ ಡಬ್ಬಿಯದೆಂದು ಮನಸ್ಸಿನಲ್ಲೇ ನೋಡಿ, ಆಮೇಲೆ ಕ್ರಿಯಾಪದ. ಹಾಗೆ ನಿಂತು ನಿಂತು ಆಡುವವರು ಒಲೆಯ ಅತ್ತೆಯ ಮಾತು ಹೇಗೆ ಆಡಿಯಾರು? ಗಿರಾಕಿಗಳು ತೂಕ ಮಾಡಿಸಿಕೊಂಡು ಹೋದರು. ಎರಡು ಓಣಿ ದಾಟಿ ಬರುವವರು ಬರುವುದನ್ನು ಬಿಟ್ಟರು. ಮಂದಾಕಿನಿಗೆ ಮಾತ್ರ ಹೆಮ್ಮೆ; ಹುಟ್ಟು ಮರಾಠಿಗರೂ ಇಷ್ಟು ಶುದ್ಧ ಆಡುವುದಿಲ್ಲ ಎಂದು ಓಣಿಗೆಲ್ಲ ಹೇಳಿದರು.

ಇತ್ತ ೧೯೮೯ರಲ್ಲಿ ಮುಂಬೈಯ ಒಬ್ಬ ನಿರ್ಮಾಪಕ ಲಕ್ಷ್ಮವ್ವನನ್ನೇ ಮುಖ್ಯ ಪಾತ್ರವಾಗಿಸಿ ಸಿನಿಮಾ ಮಾಡುವುದಾಗಿ ಬಂದ. ಪ್ರಭಾಕರ ಕಾರ್ಖಾನೆಯ ನೌಕರಿಗೆ ರಾಜೀನಾಮೆ ಕೊಟ್ಟ. ಟಿ.ವಿ.ಯಲ್ಲಿ ಹತ್ತು ನಿಮಿಷಕ್ಕೆ ಮಾತು ಬೇಕಿತ್ತು, ಇಲ್ಲಿ ಎರಡೂವರೆ ತಾಸಿಗೆ. ಬರಹಗಾರರು ಬರೆದು ಕೊಟ್ಟ ಮಾತಿನಲ್ಲಿ ತಪ್ಪುಗಳಿದ್ದವು, ಜೀವ ಇರಲಿಲ್ಲ. ಟಿ.ವಿ.ಯ ರೆಕಾರ್ಡಿಂಗಿನಲ್ಲಿ ಎದುರಿಗೆ ಜನ ಕೂತಿರುತ್ತಿದ್ದರು, ಅವರ ನಗೆ ಹಿಡಿದು ಅವನು ಮುಂದೆ ಹೋಗುತ್ತಿದ್ದ. ಶೂಟಿಂಗಿನಲ್ಲಿ ಯಾರೂ ನಗುವ ಹಾಗಿಲ್ಲ. ಹದಿನೈದು ಜನ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಆಡಿದ ಮಾತು ಸರಿಯಾಯಿತೋ ಇಲ್ಲವೋ ತಿಳಿಯುವುದಿಲ್ಲ. ಮೊದಲ ವಾರ ಮುಗಿಯುವ ಹೊತ್ತಿಗೆ ಅವನ ಪುಸ್ತಕದಲ್ಲಿ ಬರೆದಿಟ್ಟದ್ದೆಲ್ಲ ಖರ್ಚಾಗಿತ್ತು. ಎಂಟು ದಿನ ರಜೆ ಕೇಳಿ ಔರಂಗಾಬಾದಿಗೆ ಹೋದ. ಟಿ.ವಿ. ಕೆಲಸ ಹೆಚ್ಚಿ, ಸೀರೆಯ ಮಾತಾದ ಆ ಶನಿವಾರದ ಮೇಲೆ ತಾಯಿಯ ಬಳಿಗೆ ಅವನು ಹೋಗದೆ ಆಗಲೇ ವರ್ಷ ದಾಟಿತ್ತು.

ಅಂಗಡಿಯಲ್ಲಿ ಕೂತು ಕೇಳಿದ. ತಾಯಿ ಗಿರಾಕಿಯೊಡನೆ ಪಾಠದ ಪುಸ್ತಕದಂತೆ ಮಾತಾಡಿದರು. ಮೊದಲ ದಿನ, ತನ್ನ ಮೇಲಿನ ಸಿಟ್ಟಿಗೆ ಹೀಗೆ ಎಂದುಕೊಂಡ. ಎರಡನೆಯ ದಿನ ಬೇಕೆಂದೇ ಡಬ್ಬಿಗಳನ್ನು ಅದಲು ಬದಲು ಮಾಡಿ ಸಿಟ್ಟು ಬರಿಸಿದ; ಸಿಟ್ಟಿನಲ್ಲಿಯೂ ತಪ್ಪು ಬರಲಿಲ್ಲ. ಮೂರನೆಯ ದಿನ ತಾಯಿಯ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ: ನೌಕರಿ ಬಿಟ್ಟದ್ದು, ಮಾತು ಬತ್ತಿದ್ದು, ಈ ಸಿನಿಮಾ ಹೋದರೆ ತಾನು ಹೋದ ಹಾಗೆಯೇ ಎಂಬುದು. ಮೊದಲಿನ ಹಾಗೆ ತಪ್ಪು ಮರಾಠಿ ಆಡು ಎಂದು ಬೇಡಿಕೊಂಡ.

ಇಲ್ಲಿ ಕಾಶಿಬಾಯಿ ಮಗನನ್ನು ಬೈದಿರಬೇಕು, ಹೊರಗೆ ಕಳಿಸಿರಬೇಕು ಎಂದು ಕೇಳುವವರು ನಿರೀಕ್ಷಿಸುತ್ತಾರೆ. ಮಲ್ಲಮ್ಮ ಹಾಗೆಂದು ಅಂದರೂ ಅಂದರು. ಸುಶೀಲಾಬಾಯಿ ಇಲ್ಲವೆಂದು ತಲೆಯಾಡಿಸಿದರು. ಕಾಶಿಬಾಯಿ ಒಪ್ಪಿದರು. ಮಗ ಇಷ್ಟು ಬೇಡುತ್ತಾನೆ, ತಪ್ಪು ತಾನೆ, ಆಡಿದರಾಯಿತು ಎಂದರು. ಅಂಗಡಿಯ ಕದ ಅರ್ಧ ಎಳೆದು ತಾಯಿ ಮಗ ಕೂತರು. ಆ ದಿನ ಸುಶೀಲಾಬಾಯಿ ನಾಶಿಕದಿಂದ ಬಂದು ಅಲ್ಲೇ ಇದ್ದರು; ಮುಂದಿನ ಮಾತು ಅವರು ಕಿವಿಯಾರೆ ಕೇಳಿದ್ದು.

"ಅವ್ವಾ, ಮಳಿ ಬಂತು ಅನ್ನು ಮರಾಠಿದಾಗ. ಮೊದಲಿನಂಗ."

"ಪಾವೂಸ ಆಲೀ."

"ಹಂಗಲ್ಲವ್ವ. ನೀ ಆಲೀ ಅಂತಿದ್ದಿಲ್ಲ. ಆಲಂ ಅಂತಿದ್ದಿ."

"ಎರಡೂ ತಪ್ಪೇ ಅಲ್ಲೇನಪ್ಪಾ?"

"ತಪ್ಪೇ. ಆದ್ರ ಅದು ನಿನ್ನ ತಪ್ಪಲ್ಲ."

ಹೀಗೆ ನಾಲ್ಕು ದಿನ ನಡೆಯಿತು. ತಾಯಿ ಮೊದಲು ಸರಿಯಾದದ್ದನ್ನು ಮನಸ್ಸಿನಲ್ಲಿ ಹುಡುಕಿ, ಆಮೇಲೆ ಅದನ್ನು ಕೆಡಿಸಿ ಹೇಳುವರು; ಮಗ, ಹೀಗಲ್ಲ ಹಾಗೆ ಎಂದು ತಿದ್ದುವನು. ತಿದ್ದುವಾಗ ಅವನು ಆಡಿ ತೋರಿಸುತ್ತಿದ್ದುದು ಲಕ್ಷ್ಮವ್ವನ ಧ್ವನಿಯಲ್ಲಿ. ನಾಲ್ಕನೆಯ ದಿನದ ಹೊತ್ತಿಗೆ ಕಾಶಿಬಾಯಿ ಲಕ್ಷ್ಮವ್ವನ ಹಾಗೆಯೇ ಆಡಿದರು, ಕೈ ತಿರುಗಿಸುವುದನ್ನೂ ಬಿಡದೆ. ಪ್ರಭಾಕರ ಪುಸ್ತಕ ಮುಚ್ಚಿದ. ಅವನಿಗೆ ಬೇಕಾದದ್ದು ಅದರಲ್ಲಿ ಒಂದೂ ಇರಲಿಲ್ಲ, ಎಲ್ಲ ಅವನದೇ ಆಗಿತ್ತು. ಸಂಜೆಯ ಬಸ್ಸಿಗೆ ಹೊರಟ. ತಾಯಿ ಬಾಗಿಲಿಗೆ ಬಂದು, ಚಲೋ ಬಂತೇನಪ್ಪಾ ಎಂದು ಕೇಳಿದರು. ಬಂತವ್ವ ಎಂದ.

ಸಿನಿಮಾ ನಿಲ್ಲಲಿಲ್ಲ. ನಿರ್ದೇಶಕ ಲಕ್ಷ್ಮವ್ವನ ಮಾತುಗಳನ್ನು ಕತ್ತರಿಸಿ, ಅಲ್ಲೆಲ್ಲ ಬೀಳುವುದನ್ನು ಹಾಕಿಸಿದ. ಹಿಟ್ಟಿನ ಚೀಲದ ಮೇಲೆ, ಎಣ್ಣೆಯ ಮೇಲೆ, ಮೆಟ್ಟಿಲ ಮೇಲಿಂದ. ಜನ ನಕ್ಕರು. ಅದನ್ನು ನೋಡಿ ಬೇರೆ ನಿರ್ಮಾಪಕರು ಬಂದರು. ಐದು ವರ್ಷದಲ್ಲಿ ಹದಿನಾಲ್ಕು ಸಿನಿಮಾ. ಪೋಸ್ಟರಿನಲ್ಲಿ ಅವನ ಮುಖ ಎರಡನೆಯದೋ ಮೂರನೆಯದೋ ಇರುತ್ತಿತ್ತು. ಮಾತಿನಿಂದ ಮೇಲೆ ಬಂದವನಿಗೆ ಆಮೇಲೆ ಯಾರೂ ಮಾತು ಕೊಡಲಿಲ್ಲ. ಕಪಾಳಕ್ಕೆ ಹೊಡೆಸಿಕೊಳ್ಳುವ ಆಳಾದ, ಬಾವಿಗೆ ಬೀಳುವ ಭಾವನಾದ. ಒಂದು ಸಿನಿಮಾದಲ್ಲಿ ಮೂಗನೇ ಆದ.

ಕಾಶಿಬಾಯಿಗೆ ಆ ನಾಲ್ಕು ದಿನಗಳ ನಂತರ ಎರಡೂ ಉಳಿಯಲಿಲ್ಲ. ಕಲಿತದ್ದರ ಮೇಲೆ ಕೆಡಿಸಿದ್ದು ಕೂತುಬಿಟ್ಟಿತ್ತು. ಒಂದು ಹೆಸರು ಬಾಯಿಗೆ ಬಂದರೆ ಅದರ ಹಿಂದೆ ಮೂರು ಕ್ರಿಯಾಪದ ಒಟ್ಟಿಗೆ ಬರುತ್ತಿದ್ದವು; ಯಾವುದು ಪುಸ್ತಕದ್ದು, ಯಾವುದು ಮಗನದು, ಯಾವುದು ತನ್ನದು ಎಂದು ತಿಳಿಯುತ್ತಿರಲಿಲ್ಲ. ಮೊದಲು ವಾಕ್ಯ ಬಿಟ್ಟು ಬರೀ ಹೆಸರು ಹೇಳಿದರು. ಆಮೇಲೆ ಬೆರಳು ತೋರಿಸಿದರು. ೧೯೯೨ರಲ್ಲಿ ಅಂಗಡಿ ಮಾರಿ ಹಿಂದಿನ ಕೋಣೆಯಲ್ಲಿ ಉಳಿದರು. ಮನೆಯ ಒಳಗೆ ಕನ್ನಡ ಆಡುತ್ತಿದ್ದರು, ಅದೂ ಸುಶೀಲಾಬಾಯಿ ಹೋದಾಗ. ಆ ಓಣಿಯಲ್ಲಿ ಕನ್ನಡ ತಿಳಿಯುವವರು ಬೇರೆ ಯಾರೂ ಇರಲಿಲ್ಲ.

೧೯೯೪ರ ಮಾಘದಲ್ಲಿ ಎದೆನೋವು ಬಂದು ಅವರನ್ನು ಊರಿನ ಒಂದು ದವಾಖಾನೆಗೆ ಸೇರಿಸಿದರು. ಮಂದಾಕಿನಿ ಸುದ್ದಿ ಕೊಟ್ಟ ಮೇಲೆ ಸುಶೀಲಾಬಾಯಿ ನಾಶಿಕದಿಂದ ಬಂದರು. ಅದೃಷ್ಟಕ್ಕೆ ಪ್ರಭಾಕರನೂ ಶೂಟಿಂಗ್ ಮುಗಿಸಿ ಅಂದೇ ಬಂದ. ನೋವು ಹಗಲೆಲ್ಲ ಇಳಿದಿತ್ತು, ಸಂಜೆ ತಿರುಗಿ ಬಂತು. ಮುಖ ನೋಡಿದರೆ ತಿಳಿಯುತ್ತಿತ್ತು. ಅದೇ ಹೊತ್ತಿಗೆ ನರ್ಸ್ ಒಬ್ಬಳು ಪ್ರಭಾಕರನನ್ನು ಗುರುತಿಸಿದಳು. ಲಕ್ಷ್ಮವ್ವ ಮಾವಶಿ ಬಂದಿದ್ದಾರೆ ಎಂದು ಕೂಗಿ ಹೇಳಿದಳು. ಮಲಗಿದವರು ತಲೆ ಎತ್ತಿದರು, ಕೂತವರು ಹತ್ತಿರ ಬಂದರು. ಯಾರೋ ಒಬ್ಬರು ಹಳೆಯ ಮಾತನ್ನು ಆಡಿ ತೋರಿಸಿ ನಕ್ಕರು. ಪ್ರಭಾಕರ ಕೈ ಮುಗಿದ. ಕಾಶಿಬಾಯಿ ಹೊದಿಕೆಯನ್ನು ಗದ್ದದವರೆಗೆ ಎಳೆದುಕೊಂಡರು.

ಆಗ ಡಾಕ್ಟರರು ರೌಂಡಿಗೆ ಬಂದರು. ವಯಸ್ಸಾದವರು, ಮೃದುವಾಗಿಯೇ ಕೇಳಿದರು: ಈಗಲೂ ನೋವಿದೆಯೇ, ಎಲ್ಲಿ ನೋಯುತ್ತದೆ, ಆಜೀ?

ಮರಾಠಿಯಲ್ಲಿ ಹೊಟ್ಟೆ ನೋಯುವುದಕ್ಕೆ ಒಂದು ರೂಪ, ಎದೆ ನೋಯುವುದಕ್ಕೆ ಇನ್ನೊಂದು, ಎದೆ ಹೆಣ್ಣು. ಕಾಶಿಬಾಯಿ ‘ಛಾತೀ’ ಎನ್ನಲು ತುಟಿ ತೆರೆದರು. ತೆರೆದು ನಿಂತರು. ಸುತ್ತ ಎಲ್ಲರೂ ಅವರ ಬಾಯಿಯನ್ನೇ ನೋಡುತ್ತಿದ್ದರು, ಆಗಲೇ ಅರ್ಧ ನಗುತ್ತ. ಡಾಕ್ಟರರು ಎರಡನೆಯ ಸಲ ಕೇಳಿದರು. ಉತ್ತರ ಬಾರದ್ದರಿಂದ ನೋವು ಇಳಿದೇ ಇದೆ ಎಂದುಕೊಂಡು, ವಿಶ್ರಾಂತಿ ತೆಗೆದುಕೊಳ್ಳಲಿ ಎಂದು ಮುಂದಿನ ಮಂಚಕ್ಕೆ ಹೋದರು. ಸುಶೀಲಾಬಾಯಿ ಬಾಗಿಲಲ್ಲಿ ನೀರು ತರುತ್ತಿದ್ದರು. ವೈನಿಯ ಮುಖ ನೋಡಿ, ತಂಬಿಗೆ ಅಲ್ಲೇ ಇಟ್ಟು, ಮೂರನೆಯ ಮಂಚದವರೆಗೆ ಓಡಿ ಡಾಕ್ಟರರ ತೋಳು ಹಿಡಿದು ಎಳೆದುಕೊಂಡು ಬಂದರು. ಎದೆ ನೋವು ಎಂದು ನಾನೂ ತಪ್ಪು ಮರಾಠಿಯಲ್ಲೇ ಹೇಳಿದೆ, ಯಾರು ನಕ್ಕರೋ ನೋಡಲಿಲ್ಲ ಎಂದರು. ಡಾಕ್ಟರರು ಆ ರಾತ್ರಿ ಅಲ್ಲಿಂದ ಕದಲಲಿಲ್ಲ. ಮರುದಿನ ಮಧ್ಯಾಹ್ನ ಕಾಶಿಬಾಯಿ ತೀರಿಕೊಂಡರು. ಮೊದಲೇ ತಿಳಿದಿದ್ದರೆ ಉಳಿಯುತ್ತಿದ್ದರೇ ಎಂದು ಸುಶೀಲಾಬಾಯಿ ಕೇಳಿದ್ದಕ್ಕೆ ಡಾಕ್ಟರರು, ಕೆಲವು ನಿಮಿಷಗಳಿಂದ ಏನೂ ಬದಲಾಗುತ್ತಿರಲಿಲ್ಲ ಎಂದರಂತೆ. ಅದನ್ನು ಅವರು ನಂಬಿದರೋ ಇಲ್ಲವೋ ಹೇಳಲಿಲ್ಲ.

ಮಣ್ಣು ಮುಗಿಸಿ ಬಂದ ಮೇಲೆ ಅವರು ಪ್ರಭಾಕರನನ್ನು ಕೇಳಿದ್ದು ಒಂದೇ ಮಾತು.

"ಮಗ್ಗಲದಾಗೇ ನಿಂತಿದ್ದೆಲ್ಲೋ. ಅವ್ವಗ ಎದಿ ನೋವು ಅಂತ ನೀ ಯಾಕ ಹೇಳಲಿಲ್ಲ?"



"ಅವ್ವ ಹ್ಯಾಂಗ ಅಂತಾಳೋ ಅಂತ ಕೇಳ್ಲಕತ್ತಿದ್ದೆ, ಅತ್ತಿ."

ಮನ್ಮಥಪ್ಪನವರು ಈ ಕೊನೆಯನ್ನು ಒಪ್ಪುವುದಿಲ್ಲ. ಕಾಶಿಬಾಯಿ ಹೇಳಿದ್ದರು, ಸರಿಯಾದ ರೂಪದಲ್ಲಿಯೇ ಹೇಳಿದ್ದರು, ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ ಎನ್ನುತ್ತಾರೆ. ಅವರು ಅಂದು ಅಲ್ಲಿ ಇದ್ದವರಲ್ಲ, ಮಂದಾಕಿನಿಯಿಂದ ಕೇಳಿದ್ದು. ಎರಡನ್ನೂ ಬರೆದಿದ್ದೇನೆ.

ಸುಶೀಲಾಬಾಯಿ ಮಾತು ನಿಲ್ಲಿಸಿದಾಗ ಮಲ್ಲಮ್ಮ, ಅವನು ಈಗಲೂ ಇತ್ತ ಬರುತ್ತಾನೇನ್ರಿ ಎಂದರು. ದೀಪಾವಳಿಗೆ ಬರುತ್ತಾನೆ, ಉಣ್ಣುತ್ತಾನೆ, ಹೋಗುತ್ತಾನೆ ಎಂದು ಉತ್ತರ ಬಂತು. ಹೊರಗೆ ಮಳೆ ಹಿಡಿಯುವ ಹಾಗಿತ್ತು. ನಾಶಿಕ್ ರೋಡಿಗೆ ಹೋಗಬೇಕಾದ ಇಬ್ಬರು ಮೊದಲು ಎದ್ದರು, ಅವರ ಹಿಂದೆ ಉಳಿದವರು. ಬಾಗಿಲಲ್ಲಿ ಚಪ್ಪಲಿ ಹುಡುಕುತ್ತ, ಬರ್ತೀವ್ರಿ ಎಂದು ಒಬ್ಬೊಬ್ಬರೇ ತಗ್ಗಿದ ದನಿಯಲ್ಲಿ ಹೇಳಿ ಮನೆಗಳಿಗೆ ಹೋದರು.